ಕಡತದಿಂದಲೇ ಶುರುವಾಗಲಿ ತರಬೇತಿ

ಬೆಳಿಗ್ಗೆ ಹನ್ನೊಂದರ ಟಪಾಲಿನಲ್ಲಿ ಮೇಲಿನ ಕಚೇರಿಯಿಂದ ಒಂದು ಪುಟದ ಪತ್ರ ಬರುತ್ತದೆ. ಮುಂದಿನ ಸೋಮವಾರದಿಂದ ಮೂರು ದಿನ ತರಬೇತಿ ಇದೆ, ಇಬ್ಬರು ನೌಕರರನ್ನು ನಿಯೋಜಿಸಿ ಇಂದು ಸಂಜೆಯೊಳಗೆ ಹೆಸರು ಕಳುಹಿಸುವುದು. ಕಚೇರಿಯ ವ್ಯವಸ್ಥಾಪಕರು ತಲೆಯೆತ್ತಿ ಸುತ್ತ ನೋಡುತ್ತಾರೆ. ಲೆಕ್ಕಪತ್ರ ಶಾಖೆಯವರನ್ನು ಬಿಡುವಂತಿಲ್ಲ, ತಿಂಗಳ ಕೊನೆ. ಕೋರ್ಟು ಕಡತ ನೋಡುವವರು ನಾಳೆಯೇ ಸರ್ಕಾರಿ ವಕೀಲರ ಬಳಿ ಹೋಗಬೇಕು. ಹೊಸದಾಗಿ ಬಂದಿರುವ ದ್ವಿತೀಯ ದರ್ಜೆ ಸಹಾಯಕಿಗೆ ಈ ವಿಷಯ ನಿಜಕ್ಕೂ ಬೇಕು, ಆದರೆ ಆಕೆಯ ಮೇಜಿನ ಮೇಲೆ ಎರಡು ಸಂಕಲನಗಳ ಕೆಲಸವಿದೆ. ಕೊನೆಗೆ ಯಾರು ಬಿಡುವಾಗಿದ್ದಾರೋ ಅವರ ಹೆಸರು ಹೋಗುತ್ತದೆ. ಹೋದ ವರ್ಷ ಹೋಗಿದ್ದೂ ಅವರೇ.

ಮೂರು ದಿನ ಕಳೆದು ಅವರು ಪ್ರಮಾಣಪತ್ರದೊಂದಿಗೆ ಮರಳುತ್ತಾರೆ. ಕಲಿತದ್ದನ್ನು ಬಳಸುವ ಕಡತ ಅವರ ಮೇಜಿನ ಮೇಲಿಲ್ಲ. ಕಡತ ಇರುವವರಿಗೆ ತರಬೇತಿ ಸಿಕ್ಕಿಲ್ಲ. ನೌಕರರ ತರಬೇತಿಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. ಉಪನ್ಯಾಸ ಕೊಟ್ಟವರು ಚೆನ್ನಾಗಿಯೇ ಕೊಟ್ಟಿರಬಹುದು, ಕೇಳಿದವರು ಶ್ರದ್ಧೆಯಿಂದಲೇ ಕೇಳಿರಬಹುದು. ಆದರೆ ಆ ಪಾಠಕ್ಕೂ ಕಚೇರಿಯ ಕೆಲಸಕ್ಕೂ ಮೊದಲೇ ನಂಟು ಹಾಕಿದವರು ಯಾರೂ ಇರುವುದಿಲ್ಲ. ಆ ನಂಟು ಹಾಕುವುದಕ್ಕೇ ತರಬೇತಿ ಯೋಜನೆ ಎನ್ನುವುದು, ಮತ್ತು ಅದನ್ನು ಪ್ರತಿ ಕಚೇರಿಯೂ ಮಾಡಿಕೊಳ್ಳಬಹುದು.

ಕೇಂದ್ರ ಸರ್ಕಾರ 2012ರಲ್ಲಿ ಹೊರತಂದ ರಾಷ್ಟ್ರೀಯ ತರಬೇತಿ ನೀತಿ ಇದಕ್ಕೆ ಎರಡು ಆಧಾರಗಳನ್ನು ಕೊಟ್ಟಿದೆ. ಪ್ರತಿ ಸಚಿವಾಲಯ, ಇಲಾಖೆಯಲ್ಲೂ ತರಬೇತಿಯ ಹೊಣೆ ಹೊತ್ತ ಒಬ್ಬ ಅಧಿಕಾರಿ ಇರಬೇಕು. ಸಂಬಳದ ಬಾಬತ್ತಿನ ಕನಿಷ್ಠ ಶೇ. 2.5ರಷ್ಟನ್ನು ತರಬೇತಿಗೆಂದು ತೆಗೆದಿಡಬೇಕು. ಇದು ಕೇಂದ್ರದ ನೀತಿಯಾದರೂ ರಾಜ್ಯದ ಕಚೇರಿಗಳಿಗೂ ಒಳ್ಳೆಯ ಅಳತೆಗೋಲು. ವರ್ಷಕ್ಕೆ 3 ಕೋಟಿ ರೂಪಾಯಿ ಸಂಬಳ ಹಂಚುವ ಒಂದು ಜಿಲ್ಲಾ ಕಚೇರಿಯನ್ನು ಈ ಲೆಕ್ಕಕ್ಕೆ ಹಿಡಿದರೆ ತರಬೇತಿಯ ಪಾಲು ಏಳೂವರೆ ಲಕ್ಷ. ಊಟ, ತಿಂಡಿ, ಸಂಪನ್ಮೂಲ ವ್ಯಕ್ತಿಗಳ ಗೌರವಧನ, ಪ್ರಯಾಣ ಭತ್ಯೆ, ಅಭ್ಯಾಸದ ಹಾಳೆಗಳ ಮುದ್ರಣ ಎಲ್ಲ ಸೇರಿದರೂ ಆ ಹಣದಲ್ಲಿ ವರ್ಷವಿಡೀ ಮಾಡುವಷ್ಟು ಕೆಲಸವಿದೆ. ಹಣವನ್ನು ಮಾರ್ಚ್‌ವರೆಗೆ ಕಾಯಿಸದೆ ಏಪ್ರಿಲ್‌ನಲ್ಲೇ ಕೆಲಸಗಳಿಗೆ ಹಂಚಿಟ್ಟುಕೊಳ್ಳಬೇಕು, ಅಷ್ಟೆ.

ಎಲ್ಲಿ ಎಡವುತ್ತಿದ್ದೇವೆ?

ಯಾವ ತರಬೇತಿ ಬೇಕು ಎಂದು ನೌಕರರಿಗೆ ನಮೂನೆ ಹಂಚಿ ಕೇಳುವುದು ರೂಢಿ. ಬರುವ ಉತ್ತರಗಳೂ ರೂಢಿಯವೇ: ಕಂಪ್ಯೂಟರ್, ಒತ್ತಡ ನಿರ್ವಹಣೆ, ಸಂವಹನ ಕೌಶಲ್ಯ. ತಪ್ಪೇನಲ್ಲ. ಆದರೆ ಅದಕ್ಕಿಂತ ನಂಬಬಹುದಾದ ಸಾಕ್ಷ್ಯ ಕಚೇರಿಯ ಬೀರುವಿನಲ್ಲೇ ಇರುತ್ತದೆ. ಖಜಾನೆಯಿಂದ ಆಕ್ಷೇಪಣೆಯೊಂದಿಗೆ ವಾಪಸಾದ ಬಿಲ್ಲುಗಳು, ಲೆಕ್ಕ ಪರಿಶೋಧನೆಯ ತೀರದ ಕಂಡಿಕೆಗಳು, ‘ಸಕಾಲ’ ಸೇವೆಗಳಲ್ಲಿ ಅವಧಿ ಮೀರಿದ ಅರ್ಜಿಗಳು, ಮಾಹಿತಿ ಹಕ್ಕಿನ ಮೊದಲ ಮೇಲ್ಮನವಿಗಳು, ನ್ಯಾಯಾಲಯದಲ್ಲಿ ಸೋತ ಪ್ರಕರಣಗಳ ಆದೇಶ ಪ್ರತಿಗಳು. ಈ ಐದು ರಾಶಿಗಳನ್ನು ಒಂದು ವರ್ಷದ ಮಟ್ಟಿಗೆ ತೆಗೆದು ಒಂದೊಂದೇ ತಪ್ಪನ್ನು ಗುರುತು ಹಾಕುತ್ತಾ ಹೋದರೆ ಎರಡು ದಿನದಲ್ಲಿ ಚಿತ್ರ ಸಿಗುತ್ತದೆ. ಬಿಲ್ಲುಗಳು ಲೆಕ್ಕ ಶೀರ್ಷಿಕೆ ತಪ್ಪಿ ವಾಪಸಾಗುತ್ತಿವೆಯೋ, ಮಂಜೂರಾತಿ ಆದೇಶ ಲಗತ್ತಿಸದೆ ವಾಪಸಾಗುತ್ತಿವೆಯೋ? ಎರಡಕ್ಕೂ ‘ಲೆಕ್ಕಪತ್ರ ತರಬೇತಿ’ ಎಂಬ ಒಂದೇ ಹೆಸರು ಕೊಟ್ಟರೆ ಪಾಠ ಎಲ್ಲೋ ಹೋಗುತ್ತದೆ, ತಪ್ಪು ಇದ್ದಲ್ಲೇ ಉಳಿಯುತ್ತದೆ.

ಸಕಾಲದ ದಾಖಲೆ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. 2011ರ ಕಾಯ್ದೆಯಡಿ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ಈ ವ್ಯವಸ್ಥೆಯಲ್ಲಿ ಪ್ರತಿ ಅರ್ಜಿಗೂ ಒಂದು ಸಂಖ್ಯೆ, ಒಂದು ಗಡುವು ಇದೆ. ತಡವಾದರೆ ಅರ್ಜಿದಾರರಿಗೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೊಡಬೇಕು. ಯಾವ ಸೇವೆ ಯಾರ ಹಂತದಲ್ಲಿ ಎಷ್ಟು ದಿನ ನಿಂತಿತು ಎಂಬುದನ್ನು ನೋಡಿದರೆ, ತಿರಸ್ಕಾರಕ್ಕೆ ಬರೆದ ಕಾರಣಗಳನ್ನು ಓದಿದರೆ, ಕಲಿಸಬೇಕಾದ ಪಾಠ ತಾನಾಗಿ ಎದ್ದು ಕಾಣುತ್ತದೆ.

ತಪ್ಪು ಕಂಡ ಕೂಡಲೇ ತರಬೇತಿ ಏರ್ಪಡಿಸುವುದು ಮಾತ್ರ ಆತುರ. ಮೊದಲು ಒಂದು ಪ್ರಶ್ನೆ ಕೇಳಬೇಕು: ಈ ನೌಕರನಿಗೆ ಗೊತ್ತಿಲ್ಲವೋ, ಆಗುತ್ತಿಲ್ಲವೋ, ಮಾಡುತ್ತಿಲ್ಲವೋ? ಗೊತ್ತಿಲ್ಲದಿದ್ದರೆ ಕಲಿಸಬೇಕು. ಗೊತ್ತಿದ್ದೂ ಆಗುತ್ತಿಲ್ಲವೆಂದರೆ ಸರ್ವರ್ ನಿಧಾನವಿರಬಹುದು, ಸ್ಕ್ಯಾನರ್ ಕೆಟ್ಟಿರಬಹುದು, ಮೂರು ಜನರ ಕೆಲಸ ಒಬ್ಬರ ಮೇಲೆ ಬಿದ್ದಿರಬಹುದು. ಅಂಥವರನ್ನು ತರಬೇತಿಗೆ ಕಳುಹಿಸಿದರೆ ಮರಳಿ ಬರುವಷ್ಟರಲ್ಲಿ ಇನ್ನೂ ಮೂರು ದಿನದ ಕೆಲಸ ಬಾಕಿ ಬಿದ್ದಿರುತ್ತದೆ. ಗೊತ್ತಿದ್ದೂ, ಆಗುವಂತಿದ್ದೂ ಮಾಡದವರ ವಿಚಾರ ಮೇಲ್ವಿಚಾರಣೆಗೆ ಸೇರಿದ್ದು, ತರಗತಿಗೆ ಸೇರಿದ್ದಲ್ಲ. ಈ ಮೂರನ್ನೂ ಬೇರ್ಪಡಿಸದೆ ಹಾಕಿದ ಯೋಜನೆಯಲ್ಲಿ ಹಣವೂ ಹೋಗುತ್ತದೆ, ‘ತರಬೇತಿಯಿಂದ ಏನೂ ಆಗುವುದಿಲ್ಲ’ ಎಂಬ ಮಾತೂ ಬೆಳೆಯುತ್ತದೆ.

ನೌಕರರೆಲ್ಲ ಕಂಡ ಮಾದರಿ

ಚೆನ್ನಾಗಿ ಯೋಜಿಸಿದ ತರಬೇತಿ ಹೇಗಿರುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ರಾಜ್ಯದ ಶಿಕ್ಷಕರು, ಗುಮಾಸ್ತರು, ಎಂಜಿನಿಯರುಗಳು, ಬ್ಯಾಂಕ್ ನೌಕರರು ಬಹುತೇಕ ಎಲ್ಲರೂ ಒಮ್ಮೆಯಾದರೂ ಅದರಲ್ಲಿ ಕುಳಿತಿದ್ದಾರೆ: ಚುನಾವಣಾ ಮತಗಟ್ಟೆ ಸಿಬ್ಬಂದಿಯ ತರಬೇತಿ. 2023ರ ಮೇ 10ರ ವಿಧಾನಸಭಾ ಚುನಾವಣೆಗೂ, 2024ರ ಏಪ್ರಿಲ್ 26 ಮತ್ತು ಮೇ 7ರ ಲೋಕಸಭಾ ಚುನಾವಣೆಗೂ ಮುನ್ನ ತಾಲ್ಲೂಕು ಕೇಂದ್ರಗಳ ಶಾಲೆ ಕಾಲೇಜುಗಳಲ್ಲಿ ನಡೆದದ್ದು ಇದೇ.

ಅಲ್ಲಿ ಪ್ರಜಾಪ್ರಭುತ್ವದ ಇತಿಹಾಸದ ಮೇಲೆ ಒಂದು ಗಂಟೆಯ ಉಪನ್ಯಾಸ ಇರುವುದಿಲ್ಲ. ಬೆಂಚಿನ ಮೇಲೆ ಮತಯಂತ್ರ ಇಡುತ್ತಾರೆ. ಬ್ಯಾಲೆಟ್ ಯೂನಿಟ್ಟು, ವಿವಿಪ್ಯಾಟ್, ಕಂಟ್ರೋಲ್ ಯೂನಿಟ್ಟು ಜೋಡಿಸಿ ಎನ್ನುತ್ತಾರೆ. ಮತಗಟ್ಟೆ ಅಧ್ಯಕ್ಷಾಧಿಕಾರಿ ಏನು ಮಾಡಬೇಕು, ಮೊದಲನೇ ಮತಗಟ್ಟೆ ಅಧಿಕಾರಿ ಗುರುತು ನೋಡಿ ಹೆಸರು ಕೂಗುವುದು ಹೇಗೆ, ಎರಡನೆಯವರು ಬೆರಳಿಗೆ ಶಾಯಿ ಹಚ್ಚಿ 17ಎ ರಿಜಿಸ್ಟರಿನಲ್ಲಿ ಬರೆಸುವುದು ಹೇಗೆ ಎಂದು ಒಬ್ಬೊಬ್ಬರ ಕೆಲಸ ಬೇರೆ ಬೇರೆ ಹೇಳುತ್ತಾರೆ. ಮತದಾನಕ್ಕೆ ಮುನ್ನ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಸಿ, ಕ್ಲೋಸ್ ಒತ್ತಿ, ಫಲಿತಾಂಶ ತೋರಿಸಿ, ಕ್ಲಿಯರ್ ಮಾಡಿ, ವಿವಿಪ್ಯಾಟಿನ ಚೀಟಿಗಳನ್ನು ತೆಗೆದು ಲಕೋಟೆಗೆ ಹಾಕಬೇಕು ಎಂಬ ಕ್ರಮವನ್ನು ಬಾಯಿಪಾಠದ ಹಾಗೆ ಹೇಳಿಸುತ್ತಾರೆ. ಆ ಒಂದು ಕ್ಲಿಯರ್ ಮರೆತರೆ ಇಡೀ ಮತಗಟ್ಟೆಯ ಎಣಿಕೆ ತೊಡಕಿಗೆ ಸಿಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತರಬೇತಿ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಇನ್ನೊಂದು ಸುತ್ತು ಇರುತ್ತದೆ. ಕಲಿತದ್ದನ್ನು ಕೆಲವೇ ದಿನಗಳಲ್ಲಿ ಮಾಡಿ ತೋರಿಸಬೇಕಾಗುತ್ತದೆ. ಕೈಯಲ್ಲಿ ಕೈಪಿಡಿಯೂ ಪರಿಶೀಲನಾ ಪಟ್ಟಿಯೂ ಇರುತ್ತದೆ.

ಪ್ರತಿದಿನ ಬೇರೆ ಬೇರೆ ಇಲಾಖೆಯಲ್ಲಿ ಬೇರೆ ಬೇರೆ ಕೆಲಸ ಮಾಡುವ ನಾಲ್ಕೈದು ಜನ, ಹಿಂದಿನ ದಿನವಷ್ಟೇ ಒಬ್ಬರನ್ನೊಬ್ಬರು ಕಂಡವರು, ಗುರುತಿಲ್ಲದ ಊರಿನ ಶಾಲೆಯಲ್ಲಿ ಬೆಳಿಗ್ಗೆ ಮತದಾನ ಶುರು ಮಾಡಿ ಸಂಜೆ ಯಂತ್ರಕ್ಕೆ ಮೊಹರು ಹಾಕಿ ತರುತ್ತಾರೆ. ಇದು ಸಾಮಾನ್ಯ ಸಾಧನೆಯಲ್ಲ. ಕೆಲಸ ಖಚಿತ, ಪಾತ್ರ ಖಚಿತ, ನಿಜವಾದ ಸಲಕರಣೆಯ ಮೇಲೆ ಅಭ್ಯಾಸ, ಕೂಡಲೇ ಬಳಕೆ. ಕಚೇರಿಯ ಯಾವ ತರಬೇತಿಯನ್ನಾದರೂ ಈ ನಾಲ್ಕರಿಂದ ತೂಗಿ ನೋಡಬಹುದು.

ಎರಡನೆಯ ಮಾದರಿ ಕಂದಾಯ ಇಲಾಖೆಯ ‘ಭೂಮಿ’. ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳು, 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳು ಈ ಶತಮಾನದ ಆರಂಭದ ವರ್ಷಗಳಲ್ಲಿ ಕಂಪ್ಯೂಟರಿಗೆ ಬಂದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಮುನ್ನಡೆಸಿದ ಆ ಕೆಲಸದಲ್ಲಿ ಯಂತ್ರಗಳಷ್ಟೇ ಗಮನ ಜನರಿಗೂ ಸಿಕ್ಕಿತು. ತಾಲ್ಲೂಕು ಕಚೇರಿಯ ಭೂಮಿ ಕೇಂದ್ರದಲ್ಲಿ ಕೂರಲು ಹೊರಗಿನ ತಂತ್ರಜ್ಞರನ್ನು ತರುವ ಬದಲು ಗ್ರಾಮ ಲೆಕ್ಕಿಗರಲ್ಲೇ ಕೆಲವರನ್ನು ಆರಿಸಿ ಕಂಪ್ಯೂಟರ್ ಕಲಿಸಿದರು. ಮ್ಯುಟೇಷನ್ ಎಂದರೇನು, ಋಣದ ಕಲಂ ಯಾವುದು ಎಂದು ಅವರಿಗೆ ಹೇಳಿಕೊಡಬೇಕಿರಲಿಲ್ಲ, ಅದು ಅವರ ದಿನನಿತ್ಯದ ಕಸುಬು. ಕಲಿಯಬೇಕಿದ್ದದ್ದು ಅದೇ ಕಸುಬಿನ ಹೊಸ ಸಲಕರಣೆ ಮಾತ್ರ. ಮುಖ್ಯ ಸಂಗತಿ ಇನ್ನೊಂದಿದೆ. ಒಂದು ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ತೆರೆದ ಮೇಲೆ ಅಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಹಿಂದಕ್ಕೆ ಹೋಗುವ ದಾರಿ ಮುಚ್ಚಿದ್ದರಿಂದ ಕಲಿತದ್ದು ಮರುದಿನದಿಂದಲೇ ಬಳಕೆಗೆ ಬಂತು. ಇ-ಆಫೀಸಿನಂಥ ವ್ಯವಸ್ಥೆ ಕಲಿಸಿಯೂ ಪಕ್ಕದಲ್ಲಿ ಕಾಗದದ ಕಡತವನ್ನೂ ನಡೆಸಲು ಬಿಟ್ಟರೆ ಕಲಿತ ಕೈ ಹಳೆಯ ರೂಢಿಗೇ ಹೋಗುತ್ತದೆ. ತರಬೇತಿಯ ದಿನಾಂಕ ಗೊತ್ತುಮಾಡುವಾಗ ಹಳೆಯ ಪದ್ಧತಿ ನಿಲ್ಲುವ ದಿನಾಂಕವನ್ನೂ ಅದೇ ಪತ್ರದಲ್ಲಿ ಬರೆಯಬೇಕು.

ಒಂದು ದಿನದ ಪಾಠ, ಹತ್ತಿರದಿಂದ

ಮಾಹಿತಿ ಹಕ್ಕು ಕಾಯ್ದೆ 2005ರ ಮೇಲೆ ವಿಷಯ ನಿರ್ವಾಹಕರಿಗೆ ಒಂದು ದಿನದ ತರಬೇತಿ ಎಂದುಕೊಳ್ಳೋಣ. ಮಾಹಿತಿ ಅಧಿಕಾರಿಗಳಿಗೆ ತರಬೇತಿ ಕೊಡುವ ಮಾತು ಕಾಯ್ದೆಯ 26ನೇ ಕಲಮಿನಲ್ಲೇ ಇದೆ. ‘ಕಾಯ್ದೆಯ ಅರಿವು ಮೂಡಿಸುವುದು’ ಎಂದು ಉದ್ದೇಶ ಬರೆದರೆ ಸಂಜೆ ಅರಿವು ಮೂಡಿತೋ ಇಲ್ಲವೋ ಎಂದು ನೋಡುವ ಉಪಾಯವಿಲ್ಲ. ಅದರ ಬದಲು ‘ಸಂಜೆ ನಾಲ್ಕರ ಹೊತ್ತಿಗೆ ಪ್ರತಿಯೊಬ್ಬರೂ ಒಂದು ಅರ್ಜಿಗೆ ತಪ್ಪಿಲ್ಲದ ಉತ್ತರ ಬರೆದಿರಬೇಕು’ ಎಂದು ಬರೆದುಕೊಂಡರೆ ದಿನದ ರೂಪವೇ ಬದಲಾಗುತ್ತದೆ.

ಬೆಳಿಗ್ಗೆ ಅರ್ಧ ಗಂಟೆಯ ಪೀಠಿಕೆ ಸಾಕು. ನಂತರ ಎಲ್ಲರ ಕೈಗೂ ಒಂದು ಕಾಲ್ಪನಿಕ ಅರ್ಜಿ. ಒಬ್ಬ ರೈತ ತನ್ನೂರ ಕೆರೆ ಒತ್ತುವರಿಯ ಸರ್ವೆ ನಕ್ಷೆ, ಕಡತದ ಟಿಪ್ಪಣಿ ಹಾಳೆ, ಕೆರೆ ಏರಿ ದುರಸ್ತಿಯ ಬಿಲ್ಲು ಕೇಳಿದ್ದಾನೆ. ನಕ್ಷೆ ಮತ್ತು ಟಿಪ್ಪಣಿ ಈ ಕಚೇರಿಯಲ್ಲಿವೆ, ಬಿಲ್ಲು ಸಣ್ಣ ನೀರಾವರಿ ಇಲಾಖೆಯಲ್ಲಿದೆ. ತರಬೇತಿಗೆ ಬಂದವರು ಮೊದಲು ಸ್ವೀಕೃತಿ ಮೊಹರಿನ ದಿನಾಂಕ ನೋಡಿ 30 ದಿನ ಎಣಿಸಬೇಕು. ಬಿಲ್ಲಿನ ಭಾಗವನ್ನು 6(3)ರ ಪ್ರಕಾರ 5 ದಿನದೊಳಗೆ ಆ ಇಲಾಖೆಗೆ ವರ್ಗಾಯಿಸಿ ಅರ್ಜಿದಾರನಿಗೂ ತಿಳಿಸಬೇಕು. ಪುಟ ಎಣಿಸಿ, ಪುಟಕ್ಕೆ 2 ರೂಪಾಯಿಯಂತೆ ಲೆಕ್ಕ ತೋರಿಸಿ ಪತ್ರ ಬರೆಯಬೇಕು. ಆ ಪತ್ರ ಹೊರಟ ದಿನದಿಂದ ಹಣ ಕಟ್ಟುವ ದಿನದವರೆಗಿನ ಕಾಲವನ್ನು 30 ದಿನದಿಂದ ಕಳೆಯಬೇಕು. ಟಿಪ್ಪಣಿ ಹಾಳೆ ಕೊಡುವಂತಿಲ್ಲ ಎಂದು ಕೆಲವರು ಖಂಡಿತ ಬರೆಯುತ್ತಾರೆ. ಚರ್ಚೆ ಹುಟ್ಟಬೇಕಾದ್ದು ಅಲ್ಲೇ. ಕೊಡುವುದಿಲ್ಲ ಎಂದರೆ ಯಾವ ಕಲಮಿನಡಿ, ಏಕೆ, ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ ಎಂದು ಉತ್ತರದಲ್ಲೇ ಹೇಳಬೇಕು ಎಂಬುದು 7(8)ರ ಕಟ್ಟಳೆ. ಈ ಸಾಲುಗಳಿಲ್ಲದ ‘ಮಾಹಿತಿ ಲಭ್ಯವಿಲ್ಲ’ ಎಂಬ ಒಂದು ಸಾಲಿನ ಹಿಂಬರಹವೇ ಎಷ್ಟೋ ಮೇಲ್ಮನವಿಗಳ ಮೂಲ. ತಡವಾದರೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡ ಬೀಳುವುದು ಮಾಹಿತಿ ಅಧಿಕಾರಿಯ ಜೇಬಿನಿಂದ ಎಂಬುದೂ ಅಲ್ಲೇ ಗೊತ್ತಾಗಲಿ.

ಮಧ್ಯಾಹ್ನ ಉತ್ತರ ಪತ್ರಗಳನ್ನು ಅದಲುಬದಲು ಮಾಡಿ ಒಬ್ಬರದನ್ನು ಇನ್ನೊಬ್ಬರು ತಿದ್ದಲಿ. ಆಮೇಲೆ ಎರಡನೆಯ ಅರ್ಜಿ, ಸ್ವಲ್ಪ ಕಠಿಣವಾದದ್ದು. ಇಂಥ ಅಭ್ಯಾಸಕ್ಕೆ ಇಪ್ಪತ್ತು, ಇಪ್ಪತ್ತೈದು ಜನ ಮಿತಿ. ನೂರು ಜನರನ್ನು ಸಭಾಂಗಣದಲ್ಲಿ ಕೂರಿಸಿದರೆ ಖರ್ಚು ಉಳಿಯಬಹುದು, ಆದರೆ ಯಾರ ಕೈಬರಹವನ್ನೂ ಯಾರೂ ನೋಡಲಾಗುವುದಿಲ್ಲ.

ಪಾಠದ ಹಾಳೆಗಳು ಕನ್ನಡದಲ್ಲಿರಬೇಕು ಎಂದು ಬೇರೆ ಹೇಳಬೇಕಾಗಿ ಬಂದಿರುವುದು ಬೇಸರದ ಸಂಗತಿ. ನೌಕರ ಟಿಪ್ಪಣಿ ಬರೆಯುವುದು ಕನ್ನಡದಲ್ಲಿ, ಆದೇಶ ಹೊರಡುವುದು ಕನ್ನಡದಲ್ಲಿ. ಪರದೆಯ ಮೇಲೆ ಮಾತ್ರ ಇಂಗ್ಲಿಷಿನ ಸ್ಲೈಡುಗಳು ಓಡಿದರೆ ಕಲಿಯುವವನಿಗೆ ವಿಷಯದ ಜೊತೆ ಅನುವಾದದ ಹೊರೆಯೂ ಬೀಳುತ್ತದೆ.

ಯಾರು ಕಲಿಸಬೇಕು? ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಅದರಡಿಯ ಜಿಲ್ಲಾ ತರಬೇತಿ ಸಂಸ್ಥೆಗಳು, ಪಂಚಾಯತ್ ಸಿಬ್ಬಂದಿಗೆ ಮೈಸೂರಿನಲ್ಲೇ ಇರುವ ಅಬ್ದುಲ್ ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಸಂಸ್ಥೆ, ಲೆಕ್ಕಪತ್ರದವರಿಗೆ ಕೆಂಗೇರಿಯ ಫಿಸ್ಕಲ್ ಪಾಲಿಸಿ ಇನ್‌ಸ್ಟಿಟ್ಯೂಟ್. ಇವುಗಳ ವಾರ್ಷಿಕ ಕಾರ್ಯಕ್ರಮ ಪಟ್ಟಿಯನ್ನು ಏಪ್ರಿಲ್‌ನಲ್ಲೇ ತರಿಸಿಕೊಂಡು ತಮ್ಮ ಅಗತ್ಯದ ಪಟ್ಟಿಯ ಪಕ್ಕ ಇಟ್ಟು ನೋಡಬೇಕು. ಆದರೆ ಹೊರಗಿನವರಿಗೆ ಸಿಗದ ಒಂದು ಸಂಪತ್ತು ಪ್ರತಿ ಕಚೇರಿಯಲ್ಲೂ ಇದೆ. 60 ತುಂಬಿ ಈ ವರ್ಷ ನಿವೃತ್ತರಾಗುವ ಶಿರಸ್ತೇದಾರರಿಗೆ, ಅಧೀಕ್ಷಕರಿಗೆ ಯಾವ ಸುತ್ತೋಲೆ ಯಾವಾಗ ಬಂತು, ಯಾವ ದಾಖಲೆ ಯಾವ ರೆಕಾರ್ಡ್ ಕೋಣೆಯ ಯಾವ ಕಟ್ಟಿನಲ್ಲಿದೆ ಎಂಬುದು ತಲೆಯಲ್ಲಿರುತ್ತದೆ. ಬೀಳ್ಕೊಡುಗೆಗೆ ಆರು ತಿಂಗಳು ಇರುವಾಗಲೇ ಅವರ ಪಕ್ಕ ಒಬ್ಬ ಕಿರಿಯರನ್ನು ಕೂರಿಸಿ, ವಾರಕ್ಕೊಂದು ಗಂಟೆ ಅವರಿಂದ ಪಾಠ ಹೇಳಿಸಿದರೆ ಅದಕ್ಕೆ ಸಮನಾದ ತರಬೇತಿ ಹಣ ಕೊಟ್ಟರೂ ಸಿಗುವುದಿಲ್ಲ.

ಜನರ ಆಯ್ಕೆಯಲ್ಲಿ ಒಂದೇ ನಿಯಮ: ಹೆಸರು ಕಳುಹಿಸುವ ಮುನ್ನ ಆ ಕೆಲಸ ಯಾರ ಮೇಜಿನ ಮೇಲಿದೆ ಎಂದು ನೋಡುವುದು. ಅವರು ಹೋದಾಗ ಕೆಲಸ ನೋಡುವವರು ಯಾರು ಎಂಬುದನ್ನೂ ನಿಯೋಜನೆಯ ಆದೇಶದಲ್ಲೇ ಬರೆದರೆ ತರಗತಿಯಲ್ಲಿ ಕುಳಿತವರ ಫೋನು ಹತ್ತು ನಿಮಿಷಕ್ಕೊಮ್ಮೆ ಬಡಿದುಕೊಳ್ಳುವುದು ತಪ್ಪುತ್ತದೆ. ಹೊರಗುತ್ತಿಗೆಯ ಡೇಟಾ ಎಂಟ್ರಿ ಆಪರೇಟರುಗಳು, ಚಾಲಕರು, ಗ್ರೂಪ್ ಡಿ ನೌಕರರು ಯಾವ ಪಟ್ಟಿಯಲ್ಲೂ ಬಾರದೆ ಉಳಿಯುತ್ತಾರೆ. ಸಾರ್ವಜನಿಕರು ಕಚೇರಿಯಲ್ಲಿ ಮೊದಲು ಮಾತನಾಡಿಸುವುದು ಇವರನ್ನೇ. ಪುಟ್ಟ ಮಕ್ಕಳಿರುವ ಮಹಿಳೆಯರಿಗೆ ಐದು ದಿನದ ವಸತಿ ತರಬೇತಿ ಕಷ್ಟವಾದರೆ ಅದನ್ನು ಅನಾಸಕ್ತಿ ಎಂದು ತಿಳಿಯದೆ, ಜಿಲ್ಲಾ ಕೇಂದ್ರದಲ್ಲೇ ಎರಡು ಕಂತುಗಳಲ್ಲಿ ನಡೆಸುವ ದಾರಿ ಹುಡುಕಬೇಕು. ಇನ್ನು ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯ ಪ್ರಕಾರ ನಿಯತವಾಗಿ ಕಾರ್ಯಾಗಾರ ನಡೆಸುವುದು, ಆಂತರಿಕ ಸಮಿತಿಯ ಸದಸ್ಯರಿಗೆ ತರಬೇತಿ ಕೊಡುವುದು ಕಚೇರಿಯ ಕಾನೂನುಬದ್ಧ ಕರ್ತವ್ಯ. ಅದು ವರ್ಷದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೊದಲು ಬರಲಿ.

ದಿನಾಂಕಗಳ ವಿಷಯ ಚಿಕ್ಕದು. ಮಾರ್ಚ್ ಬೇಡ, ಅಧಿವೇಶನದ ದಿನಗಳು ಬೇಡ, ಕೃಷಿ ಇಲಾಖೆಗೆ ಬಿತ್ತನೆಯ ಹೊತ್ತು ಬೇಡ. ಸಾರ್ವತ್ರಿಕ ವರ್ಗಾವಣೆ ಮುಗಿದ ಮೊದಲ ತಿಂಗಳು ಅತ್ಯುತ್ತಮ, ಹೊಸ ಮೇಜಿಗೆ ಬಂದವರಿಗೆ ಆಗ ಪ್ರಶ್ನೆಗಳಿರುತ್ತವೆ. ಎರಡನೇ, ನಾಲ್ಕನೇ ಶನಿವಾರಗಳ ರಜೆಯನ್ನು ತರಬೇತಿಗೆ ಕಿತ್ತುಕೊಳ್ಳಬಾರದು.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಕಲಿತದ್ದರಲ್ಲಿ ದೊಡ್ಡ ಪಾಲು ಮೊದಲ ದಿನಗಳಲ್ಲೇ ಮರೆತುಹೋಗುತ್ತದೆ, ಮತ್ತೆ ಮತ್ತೆ ನೆನಪಿಸಿದರೆ ನಿಲ್ಲುತ್ತದೆ ಎಂದು ತೋರಿಸಿದ. ಆದ್ದರಿಂದ ಐದು ದಿನವನ್ನು ಒಟ್ಟಿಗೆ ಸುರಿಯುವುದಕ್ಕಿಂತ ಮೂರು ದಿನ ಈಗ, ಒಂದು ತಿಂಗಳ ಬಳಿಕ ಎರಡು ದಿನ ಎಂದು ಒಡೆಯುವುದು ಲೇಸು. ನಡುವಿನ ತಿಂಗಳಲ್ಲಿ ತಾವು ಮಾಡಿದ ಒಂದು ನಿಜವಾದ ಕಡತದ ಪ್ರತಿಯೊಂದಿಗೆ ಅವರು ಮರಳಿ ಬರಲಿ.

ಆನ್‌ಲೈನ್ ಪಾಠಗಳ ಸ್ಥಾನವೂ ಇಲ್ಲಿ ಸ್ಪಷ್ಟವಾಗುತ್ತದೆ. ಕೇಂದ್ರ ಸಂಪುಟ 2020ರ ಸೆಪ್ಟೆಂಬರ್‌ನಲ್ಲಿ ಒಪ್ಪಿದ ಮಿಷನ್ ಕರ್ಮಯೋಗಿ ಯೋಜನೆ ಸುಮಾರು 46 ಲಕ್ಷ ಕೇಂದ್ರ ನೌಕರರನ್ನು ಗುರಿಯಾಗಿಟ್ಟುಕೊಂಡದ್ದು, ಐದು ವರ್ಷಕ್ಕೆ 510.86 ಕೋಟಿ ರೂಪಾಯಿ ಗೊತ್ತುಮಾಡಿದ್ದು. ಅದರ ಐಗಾಟ್ ವೇದಿಕೆಯಲ್ಲಿ ಫೋನಿನಲ್ಲೇ ಪಾಠ ಕೇಳಬಹುದು. ಕಾಯ್ದೆಯ ಪರಿಚಯ, ಹಿನ್ನೆಲೆ, ವ್ಯಾಖ್ಯೆಗಳು ಇದಕ್ಕೆ ಒಗ್ಗುತ್ತವೆ. ಅವನ್ನು ಮೊದಲೇ ಮನೆಯಲ್ಲಿ ಕೇಳಿ ಬಂದರೆ ತರಗತಿಯ ಸಮಯವೆಲ್ಲ ಕೈಕೆಲಸಕ್ಕೆ ಸಿಗುತ್ತದೆ. ಎಷ್ಟು ಜನ ಎಷ್ಟು ಕೋರ್ಸು ಮುಗಿಸಿದರು ಎಂಬ ಸಂಖ್ಯೆಯನ್ನೇ ಗುರಿ ಮಾಡಿಕೊಂಡರೆ ಮಾತ್ರ ವೀಡಿಯೊ ಓಡುತ್ತಿರುತ್ತದೆ, ನೋಡುವವರು ಬೇರೆ ಕೆಲಸದಲ್ಲಿರುತ್ತಾರೆ.

ಕೊನೆಯ ದಿನ ಹಂಚುವ ಅಭಿಪ್ರಾಯದ ನಮೂನೆ ಊಟ, ವಸತಿ, ಉಪನ್ಯಾಸದ ಬಗ್ಗೆ ಕೇಳುತ್ತದೆ. ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತೋರಿಸಿಕೊಟ್ಟ ನಾಲ್ಕು ಹಂತಗಳಲ್ಲಿ ಅದು ಮೊದಲನೆಯದು ಮಾತ್ರ. ಕಲಿತರೇ, ಮೇಜಿಗೆ ಮರಳಿ ಹಾಗೆ ಮಾಡುತ್ತಿದ್ದಾರೆಯೇ, ಅದರಿಂದ ಕಚೇರಿಯ ಕೆಲಸ ಸುಧಾರಿಸಿತೇ ಎಂಬ ಮೂರು ಮುಂದಿನವು. ಇದಕ್ಕೆ ಹೊಸ ಸಮೀಕ್ಷೆ ಬೇಕಿಲ್ಲ. ಆರಂಭದಲ್ಲಿ ಗುರುತು ಹಾಕಿದ ಅದೇ ಐದು ರಾಶಿಗಳನ್ನು ತರಬೇತಿಯಾದ ಮೂರು ತಿಂಗಳಿಗೆ ಮತ್ತೆ ತೆರೆಯಬೇಕು. ಲೆಕ್ಕ ಶೀರ್ಷಿಕೆ ತಪ್ಪಿ ವಾಪಸಾದ ಬಿಲ್ಲು ಆಗ ಎಷ್ಟಿದ್ದವು, ಈಗ ಎಷ್ಟು? ಕಡಿಮೆಯಾಗಿರದಿದ್ದರೆ ಪಾಠ ತಪ್ಪಿತೋ, ಆಯ್ಕೆ ತಪ್ಪಿತೋ, ಅದು ಮೊದಲಿನಿಂದಲೂ ತರಬೇತಿಯ ಸಮಸ್ಯೆಯೇ ಆಗಿರಲಿಲ್ಲವೋ ಎಂದು ಮಾಸಿಕ ಸಭೆಯಲ್ಲಿ ಮುಕ್ತವಾಗಿ ಮಾತನಾಡಬೇಕು.

ಉಳಿದದ್ದು ವರ್ಗಾವಣೆ. ಕಲಿತವರು ಕಲಿತ ಮೇಜಿನಲ್ಲೇ ವರ್ಷಗಟ್ಟಲೆ ಇರುವುದಿಲ್ಲ. ತರಬೇತಿಯಿಂದ ಬಂದ ವಾರದೊಳಗೆ ಪ್ರತಿಯೊಬ್ಬರೂ ತಮ್ಮ ಕೆಲಸದ ಕ್ರಮವನ್ನು ಎರಡು ಪುಟದಲ್ಲಿ ಬರೆದಿಡುವ ಪದ್ಧತಿ ತಂದರೆ, ಅದನ್ನು ಸಹೋದ್ಯೋಗಿಗಳ ಮುಂದೆ ಅರ್ಧ ಗಂಟೆ ವಿವರಿಸಿದರೆ, ಒಬ್ಬರಿಗಾದ ಖರ್ಚಿನಲ್ಲಿ ಶಾಖೆಯೇ ಕಲಿಯುತ್ತದೆ. ಆ ಎರಡು ಪುಟ ಪ್ರಭಾರ ಪಟ್ಟಿಗೆ ಸೇರಿರಲಿ. ಹೊಸಬರು ಪ್ರಭಾರ ವಹಿಸಿಕೊಂಡು ಸಹಿ ಹಾಕುವಾಗ ಬೀರುವಿನ ಕೀಲಿ, ಬಾಕಿ ಕಡತಗಳ ಪಟ್ಟಿಯ ಜೊತೆ ಅವನ್ನೂ ಎಣಿಸಿ ಪಡೆಯಲಿ.